ಮಾಚಿಪತ್ರೆಗೆ ಮೊಲದ ಹಿಕ್ಕೆ

ಶಿಸ್ತಾಗಿರುವವರನ್ನು ಎಲ್ಲರೂ ಗೌರವಿಸುತ್ತಾರೆ. ಅವರ ಮನೆಗೆ ಮಾತ್ರ ಯಾರೂ ಬರುವುದಿಲ್ಲ. ಇದು ನಿವೃತ್ತಿಯಾದ ಮೇಲೆ ನನಗೆ ತಿಳಿದ ಸಂಗತಿ. ಅರಕಲಗೂಡು, ಹೊಳೆನರಸೀಪುರ, ಕೊನೆಗೆ ಹಾಸನ ಎಂದು ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು, ಹೆಡ್ ನರ್ಸ್ ಎನಿಸಿಕೊಂಡು ಮನೆ ಸೇರಿದವಳು ನಾನು. ಮದುವೆಯಾಗಲಿಲ್ಲ. ನೈಟ್ ಡ್ಯೂಟಿ, ಡೇ ಡ್ಯೂಟಿಗಳ ನಡುವೆ ಅದಕ್ಕೆ ರಜೆ ಸಿಗಲಿಲ್ಲವೆಂದು ಕೇಳಿದವರಿಗೆ ಹೇಳುತ್ತಿದ್ದೆ; ಈಗ ಕೇಳುವವರೂ ಇಲ್ಲ. ಇಂದಿಗೂ ಎದ್ದ ಕೂಡಲೇ ಹಾಸಿಗೆಯ ಮೂಲೆಗಳನ್ನು ಬಿಗಿಯಾಗಿ ಮಡಚಿ ಸಿಕ್ಕಿಸುತ್ತೇನೆ, ಯಾರೋ ರೌಂಡ್ಸಿಗೆ ಬರುವವರಿದ್ದಾರೆ ಎಂಬಂತೆ. ಬೀದಿಯವರಿಗೆ ನಾನು ಸಿಸ್ಟರಮ್ಮ. ಊಟಕ್ಕೆ ಹಟ ಮಾಡುವ ಮಕ್ಕಳಿಗೆ ತಾಯಂದಿರು ನಮ್ಮ ಗೇಟಿನ ಕಡೆ ಕೈ ತೋರಿಸಿ, "ಸಿಸ್ಟರಮ್ಮನ್ನ ಕರೀಲಾ? ಸೂಜಿ ಹಾಕ್ತಾರೆ ನೋಡು" ಎನ್ನುತ್ತಾರೆ. ಹೀಗೆ ನನ್ನ ಹೆಸರಿನಲ್ಲಿ ಎಷ್ಟೋ ತುತ್ತು ಅನ್ನ ಎಷ್ಟೋ ಗಂಟಲಲ್ಲಿ ಇಳಿದಿದೆ. ಅದರ ಪುಣ್ಯ ಬಂದಿರಬಹುದು, ಮಕ್ಕಳು ಬಂದಿಲ್ಲ.

ಮನೆಯಲ್ಲಿ ನನ್ನನ್ನು ಬಿಟ್ಟರೆ ಇರುವುದು ಎರಡು ಮೊಲ. ಮಹಡಿಯ ಮೇಲೆ ಬಾಡಿಗೆಗಿದ್ದವರು ಬೇರೆ ಊರಿಗೆ ವರ್ಗವಾದಾಗ, "ಎರಡು ದಿನ ನೋಡ್ಕೊಂಡಿರಿ ಸಿಸ್ಟರ್, ಬಂದು ತಗೊಂಡು ಹೋಗ್ತೀವಿ" ಎಂದು ಗೂಡಿನ ಸಮೇತ ಬಿಟ್ಟುಹೋದರು. ಬರಲಿಲ್ಲ. ಮೊಲ ಜೊತೆಗಾಗುವ ಪ್ರಾಣಿಯಲ್ಲ. ನಾಯಿಯಾದರೆ ಬೊಗಳುತ್ತದೆ, ಬೆಕ್ಕಾದರೆ ಹಾಲು ಕದ್ದು ಬೈಯುವುದಕ್ಕಾದರೂ ಅವಕಾಶ ಕೊಡುತ್ತದೆ. ಮೊಲ ಮೂಗು ಅಲುಗಿಸುತ್ತದೆ, ಅಷ್ಟೆ. ಇಡೀ ದಿನ ಅದರೆದುರು ಮಾತಾಡಿದರೂ ಒಂದು ಹೂಂ ಸಿಗುವುದಿಲ್ಲ. ಅದು ಧಾರಾಳವಾಗಿ ಕೊಡುವುದು ಹಿಕ್ಕೆಯೊಂದನ್ನೇ. ಅದನ್ನು ಮಾತ್ರ ದುಂಡಗೆ, ಒಂದೇ ಅಳತೆಯಲ್ಲಿ, ಮಾತ್ರೆ ವಿತರಿಸಿದ ಹಾಗೆ ಕೊಡುತ್ತದೆ. ಇಂಥ ಶಿಸ್ತಿನ ಮಲವನ್ನು ನನ್ನ ಇಡೀ ಸರ್ವೀಸಿನಲ್ಲಿ ನೋಡಿರಲಿಲ್ಲ. ಎಸೆಯಲು ಮನಸ್ಸಾಗದೆ ಕುಂಡಗಳಿಗೆ ಹಾಕಿದೆ. ಹಿಂದೊಮ್ಮೆ ಕೋಳಿಗೊಬ್ಬರ ಹಾಕಿ ಕರಿಬೇವಿನ ಗಿಡವನ್ನು ಸುಟ್ಟುಕೊಂಡಿದ್ದೆ. ಮೊಲದ ಹಿಕ್ಕೆ ಹಾಗಲ್ಲ, ತಂಪು. ಹಸಿಯಾಗಿ ಹಾಕಿದರೂ ಬೇರಿಗೆ ಏನೂ ಆಗುವುದಿಲ್ಲ.

ಮುಂಗಾರಿನಲ್ಲಿ ಗೇಟಿನ ಪಕ್ಕದ ಕುಂಡದಲ್ಲಿ ನಾನು ಹಾಕದ ಗಿಡವೊಂದು ಹುಟ್ಟಿತು. ಸೀಳುಸೀಳಾದ ಎಲೆ, ಉಜ್ಜಿದರೆ ಗಾಢ ವಾಸನೆ. ಡಾಕ್ಟರು ಬರುವ ಮೊದಲೇ ಕಾಯಿಲೆ ಹೇಳಿಬಿಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ನೋಡಿದ ಕೂಡಲೇ ತೀರ್ಮಾನಿಸಿದೆ: ಮಾಚಿಪತ್ರೆ. ಗಣಪತಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳಲ್ಲಿ ಮೊದಲನೆಯದು. ಚನ್ನರಾಯಪಟ್ಟಣದಲ್ಲಿ ನಮ್ಮಮ್ಮ ಅದನ್ನು ಕೊಯ್ಯುತ್ತಿದ್ದುದು ನೆನಪಿತ್ತು. ಅಮ್ಮನ ಮಾಚಿಪತ್ರೆ ಮೊಣಕಾಲು ದಾಟುತ್ತಿರಲಿಲ್ಲ, ನನ್ನದು ಭುಜ ದಾಟಿತು. ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ. ಎಲ್ಲವೂ ಹಿಕ್ಕೆಯ ಮಹಿಮೆ ಎಂದುಕೊಂಡು ಇನ್ನೊಂದು ಬೊಗಸೆ ಹಾಕಿದೆ.

ಗೌರಿ ಗಣೇಶ ಹತ್ತಿರವಾದಾಗ ಪಕ್ಕದ ಮನೆಯ ಜಯಮ್ಮ ಗೇಟಿನ ಆಚೆ ನಿಂತು ಕೇಳಿದರು: "ಸಿಸ್ಟರಮ್ಮ, ಅದ್ಯಾವ ಗಿಡ, ಇಷ್ಟು ಚೆನ್ನಾಗಿ ಬಂದಿದೆ?"

"ಮಾಚಿಪತ್ರೆ."

"ಹೌದಾ? ಹಾಗಿದ್ರೆ ಹಬ್ಬಕ್ಕೆ ನಮಗೊಂದೆರಡು ಎಲೆ ಕೊಡ್ತೀರಾ? ನೀವೂ ಪೂಜೆಗೆ ಬನ್ನಿ, ನಮ್ಮಲ್ಲೇ ಊಟ ಮಾಡ್ಕೊಂಡು ಹೋಗಿ."

ನಾನು ಈ ಬೀದಿಗೆ ಬಂದ ಮೇಲೆ ಹಬ್ಬಕ್ಕೆ ಬನ್ನಿ ಎಂದವರು ಅವರೇ ಮೊದಲು. ಬಾಗಿನ ಕೊಡಲು ಮುತ್ತೈದೆಯರನ್ನು ಕರೆಯುತ್ತಾರೆ. ನಾನು ಮುತ್ತೈದೆಯಲ್ಲ, ವಿಧವೆಯೂ ಅಲ್ಲ. ನನ್ನನ್ನು ಯಾವ ವಾರ್ಡಿಗೆ ಸೇರಿಸಬೇಕೆಂದು ತಿಳಿಯದೆ ಜನ ಗೇಟಿನ ಹೊರಗೇ ನಮಸ್ಕಾರ ಹೇಳಿ ಹೋಗುತ್ತಾರೆ. ಜಯಮ್ಮನಿಂದ ಸುದ್ದಿ ಹರಡಿ ಎದುರು ಮನೆಯವರು ಬಂದರು, ತಿರುವಿನ ಮನೆಯವರು ಬಂದರು. ಎಲ್ಲರಿಗೂ ಎಲೆ ಕೊಡುವ ಮಾತಾಯಿತು, ಕಾಫಿಯಾಯಿತು. ನನ್ನಲ್ಲಿದ್ದ ಲೋಟಗಳು ಸಾಲದೆ ಒಬ್ಬರಿಗೆ ಔಷಧಿ ಅಳೆಯುವ ಗಾಜಿನ ಪಾತ್ರೆಯಲ್ಲಿ ಕೊಟ್ಟೆ. ಅವರು ಅಳತೆಯ ಗೆರೆ ನೋಡಿಕೊಂಡೇ ಕುಡಿದರು.

ಹಬ್ಬದ ಹಿಂದಿನ ದಿನ ಜಯಮ್ಮನ ಅತ್ತೆ ನಿಂಗಜ್ಜಿ ಹಿರೀಸಾವೆಯಿಂದ ಬಂದಿಳಿದವರು, ಸೊಸೆ ಹೇಳಿದ ಗಿಡವನ್ನು ನೋಡಲು ಬಂದರು. ಎಲೆ ಮೂಸಿದರು. ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ನನ್ನನ್ನು ಹಾಗೆಯೇ ನೋಡಿದರು.

"ಸಿಸ್ಟ್ರಮ್ಮ, ನೀನು ಸೇದ್ತೀಯೇನವ್ವಾ?"

"ಏನಜ್ಜಿ ಸೇದೋದು?"

"ಇದು ಬಂಗಿಸೊಪ್ಪು ಕಣವ್ವಾ. ಗಾಂಜಾ. ನಮ್ಮಾವ ಚಿಲುಮೆಗೆ ಆಕ್ಕಂಡು ಜಗುಲಿ ಮ್ಯಾಲೆ ಕೂತ್ಬುಟ್ರೆ ಬೆಂಕಿ ಬಿದ್ರೂ ಏಳ್ತಿರ್ನಿಲ್ಲ. ಆದ್ರೂ ಈಪಾಟಿ ಸೊಪ್ಪು ಅವ್ರೂ ಕಂಡಿರ್ನಿಲ್ಲ ಬುಡು. ಏನ್ ಗೊಬ್ರ ಆಕಿದ್ದೆ?"

"ಮೊಲದ ಹಿಕ್ಕೆ" ಎಂದೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುವ ಅಭ್ಯಾಸ.

ಪೊಲೀಸರು, ಪಿಂಚಣಿ, ಪತ್ರಿಕೆಯಲ್ಲಿ ಕುಂಡ ಹಿಡಿದು ನಿಂತ ನನ್ನ ಫೋಟೋ, ಎಲ್ಲವೂ ಕಣ್ಣ ಮುಂದೆ ಬಂದವು. ನಿಜ ಹೇಳಬೇಕೆಂದರೆ, ಅವೆಲ್ಲಕ್ಕಿಂತ ಮೊದಲು ಬಂದದ್ದು ಜಯಮ್ಮನ ಮನೆಯ ಊಟ. ಎಲೆ ಇಲ್ಲದಿದ್ದರೆ ಕರೆಯೂ ಇಲ್ಲವಲ್ಲ.

"ಮಡಗ್ಲಾ ಕೀಳ್ಲಾ ಅಂತ ಯೋಚ್ನೆ ಮಾಡ್ತಿದ್ದೀಯಾ?" ಎಂದರು ಅಜ್ಜಿ. "ಗಣಪ್ಪನೇನೂ ಬ್ಯಾಡ ಅನ್ನಾಕಿಲ್ಲ, ಅವರಪ್ಪಂಗೆ ಪ್ರೀತಿಯಾದ್ದು. ಪೋಲೀಸ್ನೋರು ಬುಡಾಕಿಲ್ಲ. ಕಿತ್ತಾಕು. ನಾನ್ ಯಾರ್ಗೂ ಯೋಳಾಕಿಲ್ಲ."

ರಬ್ಬರ್ ಗ್ಲೌಸ್ ಹಾಕಿಕೊಂಡು ಗಿಡ ಕಿತ್ತೆ. ಸುಟ್ಟರೆ ಹೊಗೆ ಬೀದಿಯನ್ನೆಲ್ಲ ಸುತ್ತುತ್ತದೆ. ಆದ್ದರಿಂದ ತುಂಡು ಮಾಡಿ ಹಿತ್ತಿಲಲ್ಲಿ ಆಳವಾಗಿ ಹೂತೆ. ಕಾಲು ತೊಳೆದು ಮನೆಮನೆಗೂ ಹೋಗಿ, "ಗಿಡಕ್ಕೆ ಹುಳ ಬಿದ್ದಿತ್ತು, ಕಿತ್ತುಹಾಕಿದೆ" ಎಂದು ವರದಿ ಒಪ್ಪಿಸಿದೆ. ಎಲ್ಲರೂ ಅಯ್ಯೋ ಪಾಪ ಎಂದರು. ಜಯಮ್ಮನೂ ಎಂದರು. ಊಟದ ಮಾತು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹಬ್ಬದ ದಿನ ರೇಷ್ಮೆ ಸೀರೆ ಉಟ್ಟು, ಹೋಗುವುದಿಲ್ಲವೆಂದು ನಿರ್ಧರಿಸಿ, ಒಬ್ಬಳಿಗೆ ಅನ್ನಕ್ಕಿಟ್ಟೆ. ಹೋಗದವಳಿಗೆ ರೇಷ್ಮೆ ಸೀರೆ ಏಕೆ ಎಂದು ಮೊಲಗಳು ಕೇಳಲಿಲ್ಲ. ಅಕ್ಕಿ ಕುದಿಯುವ ಹೊತ್ತಿಗೆ ಕಾಂಪೌಂಡಿನ ಆಚೆಯಿಂದ ಜಯಮ್ಮನ ದನಿ ಬಂತು: "ಸಿಸ್ಟರಮ್ಮ, ಪೂಜೆ ಶುರುವಾಯ್ತು. ಎಲ್ಲಿದ್ದೀರಾ?" ಒಲೆ ಆರಿಸಿದೆ.

ಜಯಮ್ಮನ ಯಜಮಾನರು ಪುಸ್ತಕ ನೋಡಿ ಮಂತ್ರ ಓದುತ್ತಿದ್ದರು. ಮಾಚಿಪತ್ರೆಯ ಹೆಸರು ಬಂತು. ನಾನು ತಲೆ ತಗ್ಗಿಸಿದೆ. ಅವರು ನಾಲ್ಕು ಕಾಳು ಅಕ್ಷತೆ ಹಾಕಿ ಮುಂದೆ ಹೋದರು. ಮುಂದಿನದಕ್ಕೂ ಅಕ್ಷತೆ. ಇಪ್ಪತ್ತೊಂದರಲ್ಲಿ ಗರಿಕೆ, ಬಿಲ್ವ ಬಿಟ್ಟರೆ ಹೆಚ್ಚುಕಡಿಮೆ ಎಲ್ಲದಕ್ಕೂ ಅಕ್ಷತೆಯೇ.

ಊಟಕ್ಕೆ ಬಡಿಸುವಾಗ ಜಯಮ್ಮನನ್ನು ಕೇಳಿದೆ: "ಪ್ರತಿ ವರ್ಷವೂ ಹೀಗೇನಾ?"

"ಹೀಗೇನೇ. ಎಲ್ಲಾ ಎಲೆ ಯಾರಿಗೆ ಸಿಗುತ್ತೆ ಸಿಸ್ಟರಮ್ಮ?"

"ಮತ್ತೆ ನನ್ನ ಹತ್ತಿರ ಕೇಳಿದಿರಲ್ಲ?"

ಜಯಮ್ಮ ನಕ್ಕರು. "ನಿಮ್ಮನೆಗೆ ಸುಮ್ಮಸುಮ್ನೆ ಬರೋಕಾಗುತ್ತಾ? ಏನಾದ್ರೂ ಕೇಳ್ಬೇಕಲ್ಲ. ಹೊಸದ್ರಲ್ಲಿ ಒಂದ್ಸಲ ಸಕ್ಕರೆ ಕೇಳ್ಕೊಂಡು ಬಂದಿದ್ದೆ. ಕೊಟ್ರಿ. ಕೊಟ್ಟು, 'ತಿಂಗಳ ಮೊದಲೇ ಲೆಕ್ಕ ಹಾಕಿ ತರಿಸಿಟ್ಕೋಬೇಕು' ಅಂತಾನೂ ಅಂದ್ರಿ. ಆಮೇಲೆ ಕೇಳೋಕೆ ಏನೂ ತೋಚಲೇ ಇಲ್ಲ."

ನಿಂಗಜ್ಜಿ ಕಡುಬಿನ ತಟ್ಟೆ ಮುಂದೆ ತಳ್ಳಿ, "ತಿನ್ನವ್ವಾ, ಇದ್ರಾಗೆ ಸೊಪ್ಪಿಲ್ಲ" ಎಂದರು. ಜಯಮ್ಮನಿಗೆ ಅರ್ಥವಾಗಲಿಲ್ಲ. ನಾನು ತಿಂದೆ.

ರಾಮನಾಥಪುರದ ಕಡೆಯಿಂದ ನಿಜವಾದ ಮಾಚಿಪತ್ರೆಯ ಕಡ್ಡಿ ತರಿಸಿ ಕುಂಡದಲ್ಲಿ ನೆಟ್ಟಿದ್ದೇನೆ. ಹಿಕ್ಕೆಯನ್ನೂ ಹಾಕಿದ್ದೇನೆ. ಜಯಮ್ಮ ಆಗಾಗ ಬಂದು, "ಚಿಗುರಿತಾ ಸಿಸ್ಟರಮ್ಮ?" ಎನ್ನುತ್ತಾರೆ. "ಇನ್ನೂ ಇಲ್ಲ, ಕೂತ್ಕೊಳ್ಳಿ, ಕಾಫಿಗಿಡ್ತೀನಿ" ಎನ್ನುತ್ತೇನೆ. ಚಿಗುರಿ ಆಗಲೇ ಗೇಣುದ್ದ ಆಗಿದೆ. ಯಾರಿಗೂ ಕಾಣದಂತೆ ಹಿತ್ತಿಲಲ್ಲಿ ಗೋಣಿಚೀಲದ ಮರೆಯಲ್ಲಿಟ್ಟಿದ್ದೇನೆ. ಗಾಂಜಾವನ್ನು ಗೇಟಿನ ಪಕ್ಕದಲ್ಲೇ ರಾಜಾರೋಷವಾಗಿ ಬೆಳೆಸಿದವಳು ದೇವರ ಪತ್ರೆಯನ್ನು ಈಗ ಕದ್ದುಮುಚ್ಚಿ ಬೆಳೆಸುತ್ತಿದ್ದೇನೆ.