ಹಾಯಿ ಹಿಡಿದ ಹಲ್ಲಿನ ಡಾಕ್ಟ್ರು

"ಇಡೀ ಊರಿನ ಬಾಯಿ ಬಿಡಿಸಿದವನು ನಾನು. ಒಂದು ಹಾಯಿ ಬಿಡಿಸೋದು ಏನು ಮಹಾ?"

ಹಲ್ಲಿನ ಡಾಕ್ಟ್ರು ತಿಂಡಿ ತಟ್ಟೆಯ ಮುಂದೆ ಕೂತು ಹೀಗೆ ಘೋಷಿಸಿದಾಗ ಅವರ ಹೆಂಡತಿಯ ಬಾಯಲ್ಲಿ ಬಟ್ಟೆ ಕ್ಲಿಪ್ಪುಗಳಿದ್ದವು. ಅವರು "ಹೂಂ" ಎಂದಷ್ಟೇ ಹೇಳಿ ತಾರಸಿಗೆ ಹೋದರು. ಡಾಕ್ಟ್ರು ಅದನ್ನು ಒಪ್ಪಿಗೆ ಎಂದುಕೊಂಡರು.

ಆ ಮನೆ ಕಡಲಿಗೆ ಮುಖ ಮಾಡಿತ್ತು. ಕೆಳಗೆ ಡಾಕ್ಟ್ರ ಕ್ಲಿನಿಕ್ಕು, ನಡುವೆ ಸಂಸಾರ, ತಾರಸಿಯ ಮೇಲೆ ಹೆಂಡತಿಯ ಲಾಂಡ್ರಿ. ದಂಡೆಯ ಹೋಟೆಲುಗಳ ಚಾದರಗಳೆಲ್ಲ ಒಣಗುತ್ತಿದ್ದದ್ದು ಅಲ್ಲೇ. ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ಬೀಸುವ ಒಣಗಾಳಿಗೆ ಚಾದರಗಳು ಗರಿಗರಿಯಾಗುತ್ತಿದ್ದವು. ನಡುಹಗಲಿಗೆ ಗಾಳಿ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಆಮೇಲೆ ಅದೇ ಗಾಳಿ ಉಪ್ಪು, ತೇವ ಎರಡನ್ನೂ ಹೊತ್ತುಕೊಂಡು ಕಡಲಿನಿಂದ ವಾಪಸು ಬರುತ್ತಿತ್ತು. ಅಷ್ಟರಲ್ಲಿ ಹಗ್ಗ ಖಾಲಿಯಾಗಿರಬೇಕು. ಆ ಮನೆಯ ತಿಂಡಿ, ಊಟ, ಜಗಳ ಎಲ್ಲವೂ ಈ ಗಾಳಿಯ ವೇಳೆ ನೋಡಿಯೇ ನಡೆಯುತ್ತಿದ್ದವು. ಡಾಕ್ಟ್ರು ಮಾತ್ರ ಗಾಳಿಯ ಕಡೆ ತಲೆ ಹಾಕಿದವರಲ್ಲ. ಅವರಿಗೆ ಫ್ಯಾನಿತ್ತು.

ಡಾಕ್ಟ್ರು ಕಲಿಯಲು ಸೇರಿದ್ದು ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ. ಅದನ್ನು ಕಲಿಸುತ್ತಿದ್ದ ಟೀಚರಮ್ಮ ಗಟ್ಟಿ ಗಂಟಲಿನ ಹೆಂಗಸು. ಪಾಠವೆಲ್ಲ ಸಂಜೆಯ ಕಡಲಗಾಳಿಯಲ್ಲಿ. "ಆಗ ಬಿದ್ರೂ ಗಾಳಿ ನಿಮ್ಮನ್ನ ದಡಕ್ಕೇ ತಂದು ಹಾಕುತ್ತೆ. ಬೆಳಿಗ್ಗೆ ಹೊತ್ತು ಒಬ್ಬರೇ ಇಳೀಬೇಡಿ" ಎಂದು ಆಕೆ ಮೊದಲ ದಿನವೇ ಹೇಳಿದ್ದರು.

ಡಾಕ್ಟ್ರು ಬಿದ್ದರು. ಮುಂದಕ್ಕೆ ಬಿದ್ದರು, ಹಿಂದಕ್ಕೆ ಬಿದ್ದರು, ಹಲಗೆ ಹತ್ತುವ ಮೊದಲೇ ಬಿದ್ದರು. ಬೀಳುವುದಕ್ಕೆ ಅವರ ಅಭ್ಯಂತರವಿರಲಿಲ್ಲ, ನೋಡುವವರದ್ದೇ ತೊಂದರೆ. ಸಂಜೆಯಾದರೆ ಅವರ ಪೇಷಂಟುಗಳೆಲ್ಲ ದಂಡೆಯ ಮೇಲೆಯೇ. ಡಾಕ್ಟ್ರೇ ಕಟ್ಟಿಕೊಟ್ಟ ಹಲ್ಲುಗಳನ್ನೆಲ್ಲ ತೋರಿಸಿ ಅವರನ್ನೇ ನೋಡಿ ನಗುತ್ತಿದ್ದರು.

ಹಾಗಾಗಿ ಒಂದು ಬೆಳಿಗ್ಗೆ, "ವಾಕಿಂಗ್ ಹೋಗಿ ಬರ್ತೀನಿ ಕಣೇ" ಎಂದು ಹೆಂಡತಿಗೆ ಹೇಳಿ, ಬಾಡಿಗೆಗೆ ಹಿಡಿದಿದ್ದ ಹಲಗೆಯನ್ನು ನೀರಿಗೆ ನೂಕಿದರು. ಮೈಮೇಲೆ ಲೈಫ್ ಜಾಕೆಟ್ ಇತ್ತು. ಬುದ್ಧಿಯನ್ನು ಮಾತ್ರ ದಡದಲ್ಲೇ ಬಿಟ್ಟಿದ್ದರು.

ಗಾಳಿ ಬೆನ್ನಿಗಿತ್ತು. ನೀರು ಇಸ್ತ್ರಿ ಹಾಕಿದ ಹಾಗಿತ್ತು. ಹಾಯಿ ಎತ್ತಿದರು, ನಿಂತರು, ಬೀಳಲಿಲ್ಲ. ಹಲಗೆ ಬಾಣದ ಹಾಗೆ ಹೊರಟಿತು. ಟೀಚರಮ್ಮನ ಪಾಠವೆಲ್ಲ ಹೊಟ್ಟೆಪಾಡಿನ ನಾಟಕ ಎಂದು ಡಾಕ್ಟ್ರಿಗೆ ಖಾತ್ರಿಯಾಯಿತು. ಒಂದು ಹಾಡನ್ನೂ ಗುನುಗಿದರು. ಹಾಡು ಮುಗಿದ ಮೇಲೆ ಹಿಂತಿರುಗಿ ನೋಡಿದರೆ ಮನೆ ಬೆಂಕಿಪೆಟ್ಟಿಗೆಯಷ್ಟಾಗಿತ್ತು. ತಾರಸಿಯ ಚಾದರಗಳು ಕಡಲಿನ ಕಡೆಗೆ ಹಾರಾಡುತ್ತ, ಹೋಗಿ ಬನ್ನಿ, ಹೋಗಿ ಬನ್ನಿ ಎಂದು ಬೀಳ್ಕೊಡುತ್ತಿದ್ದವು.

ತಿರುಗಿಸಲು ಹೋಗಿ ಬಿದ್ದರು. ಹತ್ತಿ ಹಾಯಿ ಎತ್ತಿದರೆ ಗಾಳಿ ಇನ್ನಷ್ಟು ಆಚೆಗೆ ಒಯ್ದಿತು. ಮತ್ತೆ ಬಿದ್ದರು, ಮತ್ತೆ ಆಚೆಗೆ. ಕೊನೆಗೆ ತೋಳು ಸೋತು, ಹಾಯಿಯನ್ನು ನೀರಿನಲ್ಲೇ ಬಿಟ್ಟು, ಹಲಗೆಯ ಮೇಲೆ ಕವುಚಿ ಮಲಗಿದರು. ಬಿಸಿಲು ಏರಿತು. ನಾಲಿಗೆ ಒಣಗಿತು. ನಡುಹಗಲಿಗೆ ಗಾಳಿ ನಿಂತೇಹೋಯಿತು. ಆ ಸದ್ದಿಲ್ಲದ ನೀರಿನ ನಡುವೆ ಅವರಿಗೆ ಮೊದಲ ಸಲ ನಿಜವಾದ ಹೆದರಿಕೆ ಹುಟ್ಟಿತು. ಇನ್ನು ಮನೆ ಕಾಣುವುದಿಲ್ಲ, ಹೆಂಡತಿ ಕಾಣುವುದಿಲ್ಲ ಅನ್ನಿಸಿತು. ಎಷ್ಟೋ ಹೊತ್ತು ಕಳೆದ ಮೇಲೆ ಗಂಟಲು ಬಿಚ್ಚಿಕೊಂಡಿತು. ಅತ್ತರು, ಕೂಗಿದರು. ಏನು ಕೂಗಿದೆನೆಂದು ಅವರಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಟಕಟಕ ಸದ್ದು ಮಾಡುತ್ತ ಒಂದು ಮೀನಿನ ದೋಣಿ ಬಂತು. ದೋಣಿಯ ಮಾಲೀಕನನ್ನು ಊರೆಲ್ಲ ಮೀಸೆ ಎಂದೇ ಕರೆಯುತ್ತಿತ್ತು. ಹೋದ ವಾರವಷ್ಟೇ ಡಾಕ್ಟ್ರ ಕೈಯಲ್ಲಿ ಸೂಜಿ ಕಂಡು, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಕುರ್ಚಿಯಿಂದ ಓಡಿಹೋಗಿದ್ದ ಆಸಾಮಿ.

"ಅಲ್ಲಾಡಬೇಡಿ ಡಾಕ್ಟ್ರೇ" ಎಂದ ಮೀಸೆ, ಅವರ ಜಾಕೆಟ್ಟಿಗೆ ಕೈ ಹಾಕುತ್ತ. "ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ."

ದೋಣಿಯ ಅಂಚಿಗೆ ಹೊಟ್ಟೆ ಉಜ್ಜಿಕೊಂಡು ಡಾಕ್ಟ್ರು ಒಳಗೆ ಬಿದ್ದರು.

"ಆಗೇ ಹೋಯ್ತು ನೋಡಿ. ಈಗ ಬಾಯಿ ಮುಕ್ಕಳಿಸಿ. ಉಗೀರಿ. ಇನ್ನೊಂದ್ಸಲ ಉಗೀರಿ."

ಡಾಕ್ಟ್ರು ವಿಧೇಯರಾಗಿ ಉಗಿದರು.

"ಸ್ವಲ್ಪ ಕಾದಿದ್ರೆ ಈ ಗಾಳೀನೇ ನಿಮ್ಮನ್ನ ಮನೆ ಬಾಗಿಲಿಗೆ ಬಿಡ್ತಿತ್ತು" ಎಂದ ಮೀಸೆ, ಆಳದ ಕಡಲ ಕಡೆ ಗದ್ದ ಚಾಚಿ. ನಿಜ, ತಂಪು ಗಾಳಿ ಆಗಲೇ ದಡದತ್ತ ಹೊರಟಿತ್ತು.

ದಂಡೆಯಲ್ಲಿ ಹೆಂಡತಿ ಟವೆಲ್ಲು ಹಿಡಿದು ನಿಂತಿದ್ದರು.

"ಮೀಸೆಗೆ ಫೋನ್ ಮಾಡಿದ್ದು ನೀನೇನಾ?"

"ಮತ್ತಿನ್ಯಾರು? ಗಾಳಿ ನಿಂತ ಮೇಲೆ ಚಾದರ ಇಳಿಸೋಕೆ ಹೋದೆ. ನೋಡಿದ್ರೆ ದೂರದಲ್ಲಿ ಯಾವುದೋ ಹಾಯಿ ನೀರಲ್ಲಿ ಬಿದ್ದಿತ್ತು. ಅಷ್ಟು ಚೆನ್ನಾಗಿ ಬೀಳೋರು ಈ ಊರಲ್ಲಿ ಇನ್ಯಾರಿದಾರೆ ರೀ?"

ಆಕೆ ಅವರ ತಲೆಯನ್ನು ಚಾದರ ಉಜ್ಜುವ ಹಾಗೆ ಉಜ್ಜಿ ಒರೆಸಿದರು. ಡಾಕ್ಟ್ರು ತಲೆ ಬಗ್ಗಿಸಿಕೊಟ್ಟರು.

ಮರುದಿನ ಮೀಸೆ ಕೆನ್ನೆ ಊದಿಸಿಕೊಂಡು ಬಂದು ತಾನಾಗಿಯೇ ಕುರ್ಚಿಯಲ್ಲಿ ಕೂತ. ಬಾಯಿ ತೆರೆಯುವ ಮೊದಲು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಕಡಲಲ್ಲಿ ನೀವು ಅತ್ತ ವಿಷಯ ನಾನು ಯಾರಿಗೂ ಹೇಳಿಲ್ಲ."

"ನಾನು ಅಳಲಿಲ್ಲ. ಉಪ್ಪುನೀರು ಕಣ್ಣಿಗೆ ಹೋಗಿತ್ತು."

"ಇರಬಹುದು. ನನ್ನ ಸ್ವಭಾವ ಹೇಗೆ ಗೊತ್ತಾ ಡಾಕ್ಟ್ರೇ? ನೋವಾಗದಿದ್ರೆ ಎಲ್ಲ ಮರೆತುಹೋಗುತ್ತೆ. ನೋವಾದ್ರೆ ಒಂದೊಂದೇ ನೆನಪಾಗುತ್ತೆ."

ಡಾಕ್ಟ್ರು ಆ ಹಲ್ಲನ್ನು ಮಲಗಿದ ಮಗುವಿನ ಕೈಯಿಂದ ಗಿಲಕಿ ಬಿಡಿಸಿಕೊಳ್ಳುವ ಹಾಗೆ ಕಿತ್ತರು. ಮೀಸೆ ಕೆನ್ನೆ ಮುಟ್ಟಿ ನೋಡಿಕೊಂಡು, "ಎಲ್ಲ ಮರೆತೇಹೋಯ್ತು" ಎಂದು ಹೊರಟುಹೋದ.

ಡಾಕ್ಟ್ರು ಹಗುರಾಗಿ ಮೆಟ್ಟಿಲು ಹತ್ತಿದರು. ಹೆಂಡತಿ ಚಾದರ ಮಡಿಸುತ್ತಿದ್ದರು.

"ಮೀಸೆ ಒಳ್ಳೆ ಮನುಷ್ಯ ಕಣೇ. ನಮ್ಮಿಬ್ಬರ ನಡುವೆ ಒಂದು ಗುಟ್ಟಿತ್ತು. ಅವನು ಯಾರಿಗೂ ಹೇಳಲ್ಲ."

"ನೀವು ಅತ್ತಿದ್ದಾ?"

ಡಾಕ್ಟ್ರ ಮುಖ ಇಳಿಯಿತು. "ನಿನಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು ರೀ? ಅಷ್ಟು ಹೊತ್ತಿಗೆ ಕಡಲಗಾಳಿ ಶುರುವಾಗಿತ್ತಲ್ಲ, ಒಂದೊಂದು ಮಾತೂ ದಡಕ್ಕೆ ಬಂತು. ಕ್ಲಿನಿಕ್ಕಿಗೆ ಬಂದೋರೆಲ್ಲ ತಾರಸಿ ಹತ್ತಿ ಕೇಳಿಸ್ಕೊಂಡ್ರು."

"ಒಂದೊಂದು ಮಾತೂನಾ?"

"ಹೂಂ. 'ಬದುಕಿ ಬಂದ್ರೆ ಇನ್ಮೇಲೆ ಮನೆ ಪಾತ್ರೆಯೆಲ್ಲ ನಾನೇ ತೊಳೀತೀನಿ' ಅಂದ್ರಿ ನೋಡಿ, ಅದಂತೂ ಬಹಳ ಸ್ಪಷ್ಟವಾಗಿ ಕೇಳಿಸ್ತು" ಎಂದು ಹೆಂಡತಿ ಅಡುಗೆಮನೆಯ ದೀಪ ಹಾಕಿಕೊಟ್ಟರು.