ಬೇವಿನಡಿಯ ಅಮ್ಮನಿಗೆ ಒಂದು ತೆಂಗಿನಕಾಯಿ

ಫಾರಂ ಒಂದನ್ನು ಕೊಟ್ಟು ಬರುವುದು ಯಾವ ಮಹಾ ಕೆಲಸ? ಎಂಬತ್ತರ ದಶಕದ ಆ ಮೇ ತಿಂಗಳಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಮಗಳು ರುಕ್ಮಿಣಿಗೆ ಕೊಯಮತ್ತೂರಿನ ಆಂಗ್ಲಿಕನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಬೇಕಿತ್ತು. ಸಿಗದಿದ್ದರೆ ಓದು ಸಾಕು, ರಾಟೆ ಮುಂದೆ ಕೂತು ನೂಲು ಸುತ್ತಲಿ ಎಂದು ನಮ್ಮಮ್ಮ ತೀರ್ಪು ಕೊಟ್ಟಾಗಿತ್ತು. ನಾನು ಹೊರಟ ದಿನವೇ ಫಾರಂ ಕೊಡಲು ಕಡೇ ದಿನ.

"ಕೊಟ್ಬಿಟ್ಟು ಬಾಯಿ ಮುಚ್ಕೊಂಡು ಬನ್ನಿ. ಇಲ್ಲದ ವೇಲೆ-ಕೆಲಸ ಒಂದೂ ಮಾಡ್ಬೇಡಿ," ಎಂದಳು ಹೆಂಡತಿ ಸರಸು.

ಆದರೂ ಚೀಲದಲ್ಲಿ ತೆಂಗಿನಕಾಯಿ, ಕರ್ಪೂರ ಇಟ್ಟುಕೊಂಡೆ. ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದಾಗ ಕಾಯಿ ಒಡೆಯದೆ ಲಾಳಿ ಮುಟ್ಟುವ ಜನವಲ್ಲ ನಾವು!

ನಮ್ಮೂರು ಸೂಲೂರಿನಿಂದ ಬಂದು ಶಾಲೆಯ ಹತ್ತಿರ ಬಸ್ಸಿಳಿದಾಗ ನಡುಮಧ್ಯಾಹ್ನ. ಹಾಸ್ಟೆಲ್ ಇಲ್ಲದ ಶಾಲೆ. ರಜೆಯಲ್ಲಿ ನರಪಿಳ್ಳೆ ಇಲ್ಲ. ಉದ್ದನೆಯ ಪಡಸಾಲೆಯಲ್ಲಿ ನನ್ನ ಹೆಜ್ಜೆಯ ಸದ್ದು ನನಗಿಂತ ಸ್ವಲ್ಪ ತಡವಾಗಿ ಬರುತ್ತಿತ್ತು. ಗಾಳಿಯಿಲ್ಲದೆಯೇ ಉಯ್ಯಾಲೆಯೊಂದು ತೂಗುತ್ತಿತ್ತು. ಮುಚ್ಚಿದ ಕೋಣೆಯೊಳಗೆ ಪಿಯಾನೋದ ಒಂದೇ ಸ್ವರ. ಟಿಣ್... ಟಿಣ್...

"ಅಮ್ಮಾ, ಯಾರಾದ್ರೂ ಇದ್ದೀರಾ?" ಎಂದೆ.

ಟಿಣ್ ಎಂದಿತು!

ಬೆವೆತು ಹೊರಗೋಡಿದೆ. ಬೇವಿನ ಮರದಡಿ ಒಂದು ಬಿಳಿ ಕಲ್ಲು, ಮೇಲೆ ಹೊಸ ಹೂವು. ಜೀವ ಬಂತು. ಶಾಲೆ ಕಾಯುವ ಅಮ್ಮ! ಇವಳ ಅಪ್ಪಣೆ ಕೇಳದೆ ಒಳಗೆ ಕಾಲಿಟ್ಟದ್ದೇ ತಪ್ಪಾಯಿತು. ಕರ್ಪೂರ ಹಚ್ಚಿ, ಪರಮ ಭಕ್ತಿಯಿಂದ ಕಾಯಿಯನ್ನು ಕಲ್ಲಿನ ಅಂಚಿಗೆ ಅಪ್ಪಳಿಸಿದೆ.

ಕಾಯಿಗೆ ಏನೂ ಆಗಲಿಲ್ಲ. ಕಲ್ಲಿನ ಮೂಲೆ ಮುರಿಯಿತು!

ಒಳಗಿನ ಟಿಣ್ ನಿಂತುಹೋಯಿತು.

"ಯಾರುಂಗ ಅದು?"

ತಿರುಗಿದರೆ ಬಿಳಿ ಸೀರೆ, ಬಿಳಿ ಕೂದಲು. ಪಾದ ಯಾವ ಕಡೆಗಿದೆ ಎಂದು ನೋಡುವ ಧೈರ್ಯವಾಗದೆ ಅಡ್ಡಬಿದ್ದೆ. "ತಾಯೀ, ಬೇಕಾದರೆ ನನ್ನನ್ನು ತಗೋ! ಮಗಳಿಗೆ ಮಾತ್ರ ಸೀಟು ಕೊಡು!"

"ಎದ್ದೇಳಿ. ನಾನು ಇಲ್ಲಿನ ಹೆಡ್‌ಮಿಸ್ಟ್ರೆಸ್," ಎಂದರು ಅವರು ತಮಿಳಿನಲ್ಲಿ. "ನೀವು ಒಡೆದದ್ದು ಈ ಶಾಲೆ ಕಟ್ಟಿದ ದೊರೆಸಾನಿಯ ಸಮಾಧಿ."

ರುಕ್ಮಿಣಿ ರಾಟೆ ಮುಂದೆ ಕೂತದ್ದು ಕಣ್ಣಿಗೆ ಕಟ್ಟಿ, ಅಳು ಬಂದುಬಿಟ್ಟಿತು. "ತಪ್ಪು ನನ್ನದು ಮೇಡಂ. ಮಗು ಬುದ್ಧಿವಂತೆ, ಅವಳಮ್ಮನ ಹಾಗೆ."

ಅವರು ಫಾರಂ ಇಸಿದುಕೊಂಡರು. "ಪರೀಕ್ಷೆಗೆ ಮಗುವನ್ನು ಕಳಿಸಿ. ನೀವು ಬರಬೇಡಿ."

"ಆಗಲಿ ಮೇಡಂ. ಪಿಯಾನೋ ನುಡಿಸ್ತಿದ್ದದ್ದು ತಾವೇನಾ?"

"ಯಾವ ಪಿಯಾನೋ?" ಎಂದರು.

ಸೀಟು ಸಿಕ್ಕಿತು. ಶಾಲೆಯ ಮೊದಲ ದಿನ ಸಂಜೆ ಮನೆಗೆ ಬಂದ ರುಕ್ಮಿಣಿ ಹೇಳಿದಳು: "ಅಪ್ಪಾ, ನೀನು ಹೇಳಿದ ಆ ಪಿಯಾನೋ ಒಳಗೆಲ್ಲಾ ಗೆದ್ದಲಂತೆ. ಬೀಗ ಹಾಕಿ ಎಷ್ಟೋ ವರ್ಷ ಆಯ್ತಂತೆ!"

ಆಮೇಲೆ ಪೋಷಕರ ಸಭೆಗೆಲ್ಲ ಸರಸುವೇ ಹೋದಳು. ನಾನು ಗೇಟಿನಾಚೆ ನಿಂತು ಬೇವಿನ ಮರದ ಕಡೆ ಕೈ ಮುಗಿಯುತ್ತಿದ್ದೆ. ಅದೂ ಬರಿಗೈಯಲ್ಲಿ. ಮನೆ ಬಿಡುವ ಮುಂಚೆ ಸರಸು ನನ್ನ ಚೀಲ ಹುಡುಕುತ್ತಿದ್ದಳಲ್ಲ!