ಅರಿಶಿನವಿಲ್ಲದ ಇ-ಮೇಲ್

"ನೋಡ್ತಿರು, ಇನ್ನು ಆರು ತಿಂಗಳಲ್ಲಿ ಜಗತ್ತೇ ನಮ್ಮ ಪ್ರೆಸ್ಸಿನ ಬಾಗಿಲಿಗೆ ಬರುತ್ತೆ!" ಎಂದು ಉಜ್ಜನಪ್ಪ ಹೆಂಡತಿಯ ಮುಂದೆ ಘೋಷಿಸಿದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ, ಭದ್ರಾವತಿಯ ಜನ್ನಾಪುರದಲ್ಲಿ.

"ಬರಲಿ. ಕೂರಿಸೋಕೆ ಎರಡೇ ಸ್ಟೂಲ್ ಇರೋದು," ಎಂದಳು ಉಮಾಮಹೇಶ್ವರಿ.

ಅವಳ ಹೆಸರಿನದೇ ಪ್ರೆಸ್ಸು, ಉಮಾ ಪ್ರಿಂಟರ್ಸ್. ಶಿವಮೊಗ್ಗದಲ್ಲಿ ಬಣ್ಣದ ಆಫ್‌ಸೆಟ್ ಯಂತ್ರಗಳು ಬಂದ ಮೇಲೆ ಉಜ್ಜನಪ್ಪ ಕಾಲಲ್ಲಿ ತುಳಿದು ಓಡಿಸುವ ಅಚ್ಚಿನ ಯಂತ್ರ ಮೂಲೆಯಲ್ಲಿ ತೂಕಡಿಸುತ್ತಿತ್ತು. ಈ ಸಲದ ಮದುವೆ ಕಾಲದಲ್ಲಿ ಒಂದಾದರೂ ದೊಡ್ಡ ಲಗ್ನಪತ್ರಿಕೆಯ ಕೆಲಸ ಸಿಗದಿದ್ದರೆ ಅದು ಗುಜರಿಗೆ ಹೋಗುವುದು ಖಂಡಿತ. ಅದಕ್ಕೇ ಬಸ್ ಸ್ಟಾಪಿನ ಪಕ್ಕದ ಸೈಬರ್ ಕೆಫೆಯ ಚಂದ್ರಹಾಸನಿಂದ ಅಂತರಜಾಲದಲ್ಲಿ ಪ್ರೆಸ್ಸಿನದೊಂದು ಪುಟ ಮಾಡಿಸಿದ, ಇ-ಮೇಲ್ ವಿಳಾಸವನ್ನೂ ಪಡೆದ. ಪಾಸ್‌ವರ್ಡ್ ಒತ್ತುವಾಗ ಕೀಬೋರ್ಡಿನ ಮೇಲೆ ಟವಲ್ ಹೊದಿಸಿ, "ಆ ಕಡೆ ತಿರುಗಪ್ಪ" ಎಂದು ಚಂದ್ರಹಾಸನಿಗೇ ಹೇಳುತ್ತಿದ್ದ. ಆ ಪಾಸ್‌ವರ್ಡ್ ಇಟ್ಟುಕೊಟ್ಟವನೇ ಚಂದ್ರಹಾಸ!

ಎಂಟನೆಯ ದಿನ ಮೊದಲ ಇ-ಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಚಂದ್ರಹಾಸ ಓದಿ ಹೇಳಿದ. "ನಾನು ಶಿವಮೊಗ್ಗ ಹೊಸಮನೆ ಬಡಾವಣೆಯ ಶಿವಯೋಗಿಯವರ ಮಗಳು ಅಮೂಲ್ಯ. ನನ್ನ ಮದುವೆಗೆ ಸಾವಿರದ ಇನ್ನೂರು ಪತ್ರಿಕೆ ಬೇಕು. ಹಳೇ ಅಚ್ಚುಮೊಳೆ ಅಕ್ಷರ ಅಂದ್ರೆ ನಂಗಿಷ್ಟ. ಒಕ್ಕಣೆ, ವಿಳಾಸ, ಫೋನ್ ನಂಬರ್ ಕೆಳಗಿದೆ. ಭಾನುವಾರದೊಳಗೆ ಉತ್ತರ ಬರದಿದ್ದರೆ ಬೇರೆ ಕಡೆ ಕೊಡ್ತೀವಿ."

ಸಾವಿರದ ಇನ್ನೂರು! ಉಜ್ಜನಪ್ಪ ಕುಣಿಯಬೇಕಿತ್ತು. ಬದಲಿಗೆ ಕಣ್ಣು ಕಿರಿದು ಮಾಡಿದ.

"ಮದುವೆ ಹುಡುಗಿ ತಾನೇ ಪತ್ರಿಕೆ ಅಚ್ಚು ಹಾಕಿಸ್ತಾಳೇನೋ? ಒಕ್ಕಣೆ ಅಂದ್ರೆ ಮನೆ ಹಿರಿಯರು ಎಲೆ ಅಡಿಕೆ ಸಮೇತ ತರಬೇಕು. ಹಾಳೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿರಬೇಕು. ಇದರಲ್ಲಿ ಅರಿಶಿನ ಎಲ್ಲಿದೆ?"

"ಅರಿಶಿನ ಕಳ್ಸೋಕೆ ಇದ್ರಲ್ಲಿ ಬಟನ್ ಇಲ್ಲ ಸರ್."

"ಇದು ಆ ವೀರಪ್ಪನ ಕುತಂತ್ರ!"

ವೀರಪ್ಪ ಎಂದರೆ ಎದುರು ಸಾಲಿನ ಪ್ರೆಸ್ಸಿನವನು. ಇಪ್ಪತ್ತು ವರ್ಷದಿಂದ ಇಬ್ಬರೂ ಪರಸ್ಪರರ ಬಾಗಿಲಿಗೆ ಬರುವ ಗಿರಾಕಿಗಳನ್ನು ಎಣಿಸುತ್ತಾ ಮುದುಕರಾಗುತ್ತಿದ್ದರು. ಪತ್ರಿಕೆ ಅಚ್ಚಾಗಿ, ಕೊಳ್ಳುವವರೇ ಇಲ್ಲದೆ ಕಾಗದವೆಲ್ಲ ರದ್ದಿಗೆ ಹೋಗಲೆಂದು ಅವನು ಹೂಡಿದ ಆಟವಿದು!

"ಫೋನ್ ಮಾಡಿ ಕೇಳ್ಬಾರ್ದಾ?" ಎಂದಳು ಮನೆಯಲ್ಲಿ ಕಥೆ ಕೇಳಿದ ಉಮಾಮಹೇಶ್ವರಿ.

"ನಿನಗೆ ತಿಳಿಯಲ್ಲ ಮಾರಾಯ್ತಿ. ಅದು ವೀರಪ್ಪನ ಭಾವಮೈದನ ನಂಬರ್ ಆಗಿದ್ರೆ?"

ಶನಿವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಕಂಕುಳಲ್ಲಿ ಕೊಡೆ ಸಿಕ್ಕಿಸಿ, ಉಜ್ಜನಪ್ಪ ಶಿವಮೊಗ್ಗದ ಬಸ್ ಹತ್ತಿದ. ಹೊಸಮನೆಯಲ್ಲಿ ವಿಳಾಸವೇನೋ ಸಿಕ್ಕಿತು. ಆದರೆ ನೇರವಾಗಿ ಬಾಗಿಲು ತಟ್ಟುವಷ್ಟು ದಡ್ಡನೇ ಅವನು? ಎದುರುಮನೆಯ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಕಾಶಮ್ಮನ ಬಳಿ ಸರಿದ.

"ಅಮ್ಮಾ, ಶಿವಯೋಗಿಯವರ ಮನೆ..."

"ಅದೇ ನೋಡಿ. ಕರೀಲಾ?"

"ಬೇಡ ಬೇಡ, ಮೆತ್ತಗೆ! ಅವರಿಗೆ ಅಮೂಲ್ಯ ಅಂತ ಮಗಳಿರೋದು ನಿಜಾನಾ?"

"ನಿಜ. ಹೋದ ವಾರ ನಿಶ್ಚಿತಾರ್ಥ ಆಯ್ತಲ್ಲ, ದಾವಣಗೆರೆ ಹುಡುಗ."

"ಜನ ಹೇಗೆ? ಆಡಿದ ಮಾತು ಉಳಿಸ್ಕೋತಾರಾ? ಕೊನೇ ಗಳಿಗೇಲಿ ಕೈ ಎತ್ತೋರಲ್ಲ ತಾನೇ?"

ಕಾಶಮ್ಮನ ಬೆರಳು ಅಕ್ಕಿಯಲ್ಲೇ ನಿಂತಿತು. "ತಾವು ಯಾರ ಕಡೆಯೋರು?"

"ಅದು ಗುಟ್ಟು. ನಾನು ಬಂದಿದ್ದು ಯಾರಿಗೂ ಹೇಳಬೇಡಿ."

ಕಾಶಮ್ಮ ಆಣೆ ಇಟ್ಟರು. ಉಜ್ಜನಪ್ಪ ಬೀದಿಯ ತಿರುವು ದಾಟುವ ಮೊದಲೇ ಹೇಳಿ ಮುಗಿಸಿದ್ದರು! ಅವನೋ, ಎಚ್ಚರಿಕೆ ಹೆಚ್ಚಿದಷ್ಟೂ ಒಳ್ಳೆಯದೆಂದು ಇನ್ನೂ ಮೂರು ಮನೆಗಳಲ್ಲಿ ಅದೇ ಪಿಸುಮಾತಿನ ತನಿಖೆ ನಡೆಸಿದ. ಸಂಜೆ ಗೆದ್ದ ಸೇನಾಪತಿಯಂತೆ ಭದ್ರಾವತಿಗೆ ಮರಳಿ, "ಆರ್ಡರ್ ಸ್ವೀಕರಿಸಲಾಗಿದೆ" ಎಂದು ಇ-ಮೇಲ್ ಕಳಿಸಿ, ಸುಖವಾಗಿ ನಿದ್ದೆ ಮಾಡಿದ.

ಭಾನುವಾರ ಬೆಳಿಗ್ಗೆ ಪ್ರೆಸ್ಸಿನ ಮುಂದೆ ಸ್ಕೂಟರ್ ನಿಂತಿತು. ಇಳಿದ ಹಿರಿಯರು ನಮಸ್ಕಾರವನ್ನೂ ಹೇಳದೆ, "ಕೈ ತೋರ್ಸಿ," ಎಂದರು.

ಉಜ್ಜನಪ್ಪ ತೋರಿಸಿದ. ಹತ್ತೂ ಉಗುರುಗಳ ಸಂದಿಯಲ್ಲಿ ಅಚ್ಚಿನ ಮಸಿ.

"ನೀವೇ. ಉಗುರಲ್ಲಿ ಮಸಿ ಇತ್ತು ಅಂತ ಕಾಶಮ್ಮ ಹೇಳಿದ್ದು ಸರಿ, ಹಾಗಾದ್ರೆ ಪ್ರೆಸ್ಸಿನೋರೇ ಅಂತ ನನ್ನ ಮಗಳು ಊಹಿಸಿದ್ದೂ ಸರಿ. ನಾನು ಶಿವಯೋಗಿ." ಅವರು ಸ್ಟೂಲಿನ ಮೇಲೆ ಕುಸಿದರು. "ನಿಶ್ಚಿತಾರ್ಥ ಆದ್ಮೇಲೂ ಹುಡುಗಿ ಮನೆ ವಿಚಾರಿಸೋಕೆ ಜನ ಕಳಿಸ್ತೀರಾ ಅಂತ ಬೀಗರಿಗೆ ಫೋನಲ್ಲಿ ಕೂಗಾಡ್ಬಿಟ್ಟೆ. ನಾವು ಯಾರನ್ನೂ ಕಳಿಸಿಲ್ಲ, ಹಾಗಾದ್ರೆ ನೀವು ಇನ್ನೊಂದು ಸಂಬಂಧನೂ ನೋಡ್ತಿದೀರಾ ಅಂತ ಅವರು ಕೂಗಾಡಿದ್ರು. ರಾತ್ರಿಯೆಲ್ಲ ಮದುವೆ ದಾರದಲ್ಲಿ ನೇತಾಡ್ತಿತ್ತು ಸ್ವಾಮಿ!"

ಉಜ್ಜನಪ್ಪ ಮಸಿಯ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಮದುವೆಗೆ ಬಂದ ಮಗಳಿರುವ ಬೀದಿಯಲ್ಲಿ ಅಪರಿಚಿತನೊಬ್ಬ ಪಿಸುಗುಟ್ಟಿ ವಿಚಾರಿಸಿದರೆ ಊರು ಏನೆಂದುಕೊಳ್ಳುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ತನ್ನ ಇಬ್ಬರು ತಮ್ಮಂದಿರಿಗೆ ಹೆಣ್ಣು ಗೊತ್ತುಮಾಡುವಾಗ ಅವನೇ ಹೀಗೆ ಜಗುಲಿ ಜಗುಲಿ ಅಲೆದಿದ್ದ! ಮದುವೆ ಮುರಿದಿದ್ದರೆ ಪತ್ರಿಕೆ ಯಾರಿಗೆ? ಸ್ವಂತ ಆರ್ಡರಿಗೆ ಸ್ವಂತ ಕೈಯಾರೆ ಕೊಡಲಿ ಹಾಕಿದ್ದ.

"ಒಕ್ಕಣೆಗೆ ಅರಿಶಿನ ಇರಲಿಲ್ಲ..." ಎಂದು ತೊದಲಿದ.

"ಈಗ ಬೀಗರು ಸಮಾಧಾನವಾಗಿದಾರೆ. ನಿಮ್ಮ ಕೈಲೇ ಮಾಡಿಸ್ಬೇಕು ಅಂತ ಮಗಳ ಹಟ. ಆದ್ರೆ ನೀವು ನಮ್ಮನ್ನ ನಾಲ್ಕು ಕಡೆ ವಿಚಾರಿಸಿದ್ರಿ, ನಮಗೂ ನಿಮ್ಮ ಖಾತ್ರಿ ಬೇಡ್ವಾ? ಇದೇ ಕಸುಬಿನವರೊಬ್ಬರ ಕೈಲಿ, ನೀವು ನಂಬೋಕೆ ಯೋಗ್ಯರು ಅಂತ ಬರೆಸಿ, ಇವತ್ತು ಸಂಜೆಯೊಳಗೆ ಇ-ಮೇಲ್ ಮಾಡಿಸಿ. ಇಲ್ಲಾಂದ್ರೆ ಬೇರೆ ಕಡೆ."

ಜನ್ನಾಪುರದಲ್ಲಿ ಇದೇ ಕಸುಬಿನವರು ಇನ್ನೊಬ್ಬರೇ.

ಉಜ್ಜನಪ್ಪ ರಸ್ತೆ ದಾಟಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ! ಕಥೆಯನ್ನೆಲ್ಲ ಕೇಳಿದ ವೀರಪ್ಪ ಕನ್ನಡಕ ಒರೆಸಿ, ಹಾಕಿಕೊಂಡು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬರೆದುಕೊಡ್ತೀನಿ ಮಾರಾಯ. ಆದ್ರೆ ನೀನೇ ಉಜ್ಜನಪ್ಪ ಅನ್ನೋಕೆ ಏನು ಗ್ಯಾರಂಟಿ?"

"ವೀರಪ್ಪಾ!"

"ಕಾಲ ಕೆಟ್ಟಿದೆ. ಒಬ್ಬ ಸಾಕ್ಷಿ ಕರ್ಕೊಂಡ್ ಬಾ."

ಬೇರೆ ದಾರಿ ಕಾಣದೆ ಅವನು ಬಾಗಿಲಲ್ಲೇ ನಿಂತು ಹೆಂಡತಿಯನ್ನು ಕೂಗಿದ. ಉಮಾಮಹೇಶ್ವರಿ ಸೆರಗಿಗೆ ಕೈ ಒರೆಸುತ್ತಾ ಬಂದು, ವಿಷಯ ಕೇಳಿ, ಗಂಡನ ಮುಖವನ್ನು ಬಹಳ ಹೊತ್ತು ದಿಟ್ಟಿಸಿದಳು.

"ಅವರ ಥರಾನೇ ಇದಾರೆ," ಎಂದಳು. "ಎದುರುಮನೇಲಿ ಒಂದ್ಸಲ ವಿಚಾರಿಸ್ಕೊಂಡು ಬಂದು ಹೇಳ್ತೀನಿ."